ವರ್ತನೆ ಹೂವು ಇನ್ನೂ ನಿಮ್ಮ ಮನೆಗೆ ಬರುತ್ತಾ?

ಸಂಪಿಗೆ ಮರ, ಮೈಸೂರು

ನಿನ್ನೆ ಬೆಳಗ್ಗೆ ನಮ್ಮ ಹೂವಮ್ಮ ಗೇಟಿನ ಹತ್ತಿರ ಬುಟ್ಟಿ ಇಳಿಸಿ, ‘ಈ ತಿಂಗಳು ಮುಗುದ್ಮೇಲೆ ನಾನು ಬರಾಕಿಲ್ಲ ಕಣವ್ವ’ ಅಂದರು. ಯಾಕೆ ಅಂತ ಕೇಳಿದೆ. ಬೆರಳು ಮಡಚಿ ಮನೆಗಳ ಲೆಕ್ಕ ಹೇಳಿದರು. ನಮ್ಮ ಮೂರು ಬೀದಿ ಸೇರಿ ಈಗ ಉಳಿದಿರುವುದು ಹನ್ನೊಂದೇ ವರ್ತನೆ ಮನೆ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಮ್ಮತ್ತೆ ಇವರ ಹತ್ತಿರವೇ ಹೂವಿನ ವರ್ತನೆ ಇಟ್ಟುಕೊಂಡಿದ್ದರು. ಆಗ ನಲವತ್ತಕ್ಕೂ ಜಾಸ್ತಿ ಮನೆ ಇತ್ತಂತೆ. ದಿನಕ್ಕೆ ಒಂದು ಮೊಳ, ಶುಕ್ರವಾರ ಎರಡು, ತಿಂಗಳ ಕೊನೆಗೆ ದುಡ್ಡು. ವರ್ತನೆ ಅಂದರೆ ಏನು ಅಂತ ನನ್ನ ಮಗಳೇ ಕೇಳಿದಳು, ಅದಕ್ಕೆ ಹೇಳುತ್ತಿದ್ದೇನೆ. ಹಾಲು, ಹೂವು, ಮೊಸರು, ಯಾವುದೇ ಇರಲಿ, ದಿನಾ ತಪ್ಪದೆ ಒಬ್ಬರೇ ತಂದುಕೊಡುವ, ನಾವೂ ತಪ್ಪದೆ ಅವರ ಹತ್ತಿರವೇ ಕೊಳ್ಳುವ ಏರ್ಪಾಟು ಅದು.

ಇದರಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾರ್ಕೆಟ್‌ನಲ್ಲಿ ಕನಕಾಂಬರ ಕೆಜಿಗೆ ಸಾವಿರ ರೂಪಾಯಿ ದಾಟಿರುತ್ತದೆ. ಮಲ್ಲಿಗೆಯೂ ಕೈಗೆ ಸಿಗುವುದಿಲ್ಲ. ಆ ದಿನವೂ ವರ್ತನೆ ಮನೆಗೆ ಅದೇ ರೇಟು. ಆಷಾಢದಲ್ಲಿ ಮದುವೆ ಇಲ್ಲ, ಹೂವು ಕೇಳುವವರಿಲ್ಲ, ಬೆಲೆ ನೆಲ ಕಚ್ಚಿರುತ್ತದೆ. ಆಗಲೂ ನಾವು ಅದೇ ರೇಟು ಕೊಡುತ್ತೇವೆ. ವರ್ಷದ ಲೆಕ್ಕದಲ್ಲಿ ಇಬ್ಬರಿಗೂ ಸರಿಹೋಗುತ್ತದೆ. ಇದನ್ನು ಯಾರೂ ಬರೆದುಕೊಟ್ಟಿಲ್ಲ.

ಅವರು ಹೂವು ಅಳೆಯುವುದನ್ನು ನೋಡಬೇಕು. ಮೊಣಕೈಯಿಂದ ಬೆರಳ ತುದಿವರೆಗೆ ಒಂದು ಮೊಳ. ಅಲ್ಲಿಗೆ ಕತ್ತರಿಸುವುದಿಲ್ಲ. ಇನ್ನೊಂದು ನಾಲ್ಕು ಬೆರಳು ಎಳೆದು, ‘ಇದು ಕೊಸರು’ ಅಂತ ಹೇಳಿ ಬಾಳೆನಾರು ಹರಿಯುತ್ತಾರೆ. ಎಲೆಯಲ್ಲಿ ಸುತ್ತಿ ಗೇಟಿನ ಕೊಕ್ಕೆಗೆ ನೇತುಹಾಕುತ್ತಾರೆ. ನಾನು ಬಾಗಿಲು ತೆಗೆಯುವ ಹೊತ್ತಿಗೆ ಆ ಎಲೆ ಇನ್ನೂ ಒದ್ದೆ ಇರುತ್ತದೆ.

‘ಬಸ್ಸು ಫ್ರೀ ಆದ್ದಕ್ಕೆ ಇಷ್ಟು ದಿನ ಬಂದೆ ಕಣವ್ವ, ಇಲ್ದಿದ್ರೆ ಯಾವತ್ತೋ ನಿಲ್ಲಿಸ್ತಿದ್ದೆ’ ಅಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಇವರಿಗೆ ದಿನದ ಬಸ್ ಚಾರ್ಜ್ ಉಳಿದಿತ್ತು. ಹನ್ನೊಂದು ಮನೆಗೆ ಅಂತ ಬೆಳಗಿನ ಜಾವ ಎದ್ದು ಬಿಡಿ ಹೂವು ತಂದು, ಕಟ್ಟಿ, ಮೂರು ಬೀದಿ ಸುತ್ತುವುದು ಈಗ ಅವರಿಗೆ ಗಿಟ್ಟುತ್ತಿಲ್ಲ.

ನನಗೆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ 2020ರಲ್ಲಿ ಕೊರೊನಾ ಅಂತ ನಾನೇ ವರ್ತನೆ ನಿಲ್ಲಿಸಿದ್ದೆ. ಮತ್ತೆ ಶುರು ಮಾಡಲು ಎರಡು ವರ್ಷ ಹಿಡಿಯಿತು. ನನ್ನ ಹಾಗೆ ನಿಲ್ಲಿಸಿದ ಮನೆಗಳಲ್ಲಿ ಜಾಸ್ತಿ ಜನ ಮತ್ತೆ ಶುರು ಮಾಡಲೇ ಇಲ್ಲ.

ನಿಮ್ಮ ಕಡೆ ಹೇಗಿದೆ? ಸಣ್ಣ ವ್ಯಾಪಾರದವರು ಉಳಿಯಲಿ ಅಂತ ನೀವು ದಿನನಿತ್ಯ ಏನು ಮಾಡುತ್ತೀರಿ? ನಿಜವಾಗಿ ಮಾಡುವುದನ್ನು ಹೇಳಿ.


ಎಂಟನೇ ಕ್ರಾಸ್, ಬೆಂಗಳೂರು

ಓದಿ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು. ನಮ್ಮಲ್ಲಿ ಹೂವಿನ ವರ್ತನೆ ಹೋಗಿ ಹತ್ತು ವರ್ಷವಾಯಿತು. ದಿನಸಿ ಅಂಗಡಿ ಕಥೆ ಹೇಳುತ್ತೇನೆ.

ಲಾಕ್‌ಡೌನ್ ಮೊದಲ ವಾರ ಆ್ಯಪ್‌ಗಳಲ್ಲಿ ಏನೂ ಸಿಗುತ್ತಿರಲಿಲ್ಲ. ನಮ್ಮ ಬೀದಿ ಶೆಟ್ಟರು ಅರ್ಧ ಶಟರ್ ಎತ್ತಿ, ಒಳಗಿನಿಂದ ಬೇಳೆ, ಅಕ್ಕಿ ಕೊಟ್ಟರು. ನಮ್ಮ ಎದುರು ಮನೆಯವರಿಗೆ ಸಂಬಳ ಬಂದಿರಲಿಲ್ಲ. ಮೂರು ತಿಂಗಳು ಬರೆದುಕೊಂಡೇ ಕೊಟ್ಟರು, ಒಂದು ದಿನ ಕೇಳಲಿಲ್ಲ. ಆಮೇಲೆ ಹತ್ತು ನಿಮಿಷಕ್ಕೆ ಮನೆಗೆ ತರುವ ಆ್ಯಪ್‌ಗಳು ಬಂದವು. ನಾವೆಲ್ಲ ಅತ್ತ ಹೋದೆವು. ಎದುರು ಮನೆಯವರೂ ಹೋದರು.

ಒಂದು ದಿನ ಉಪ್ಪು ತರಲು ಹೋದಾಗ ಅಂಗಡಿಯ ಅರ್ಧ ಶೆಲ್ಫ್ ಖಾಲಿ ಇತ್ತು. ‘ಹೋಗದ ಸಾಮಾನು ತರಿಸಿ ಏನ್ ಮಾಡ್ಲಿ ಸಾರ್’ ಅಂದರು. ಅವತ್ತಿಂದ ಪ್ರತಿ ತಿಂಗಳ ಒಂದನೇ ತಾರೀಕು ಚೀಟಿ ಬರೆದು ಅವರಿಗೇ ಕೊಡುತ್ತೇನೆ. ಮೊದಲು ಅಪ್ಪ ಬರೆಯುತ್ತಿದ್ದರಲ್ಲ, ಹಾಗೆ. ತೊಗರಿಬೇಳೆ ಎರಡು ಕೆಜಿ, ಉದ್ದಿನಬೇಳೆ ಒಂದು ಕೆಜಿ, ಹುಣಸೆಹಣ್ಣು ಅರ್ಧ. ಸಂಜೆಗೆ ಹುಡುಗ ತಂದು ಇಳಿಸುತ್ತಾನೆ.


ಅಂಗಡಿ ಮಗ, ತುಮಕೂರು

ನಮ್ಮಪ್ಪನದು ದಿನಸಿ ಅಂಗಡಿ. ಈಗ ನಾನೂ ಕೂರುತ್ತೇನೆ. ಮೇಲಿನವರು ಹೇಳಿದ ಚೀಟಿ ವಿಷಯ ಎಷ್ಟು ದೊಡ್ಡದು ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಜನ ನಮ್ಮ ಅಂಗಡಿಗೆ ಬರುವುದನ್ನು ಪೂರ್ತಿ ಬಿಟ್ಟಿಲ್ಲ. ಬರುತ್ತಾರೆ. ಹಾಲಿನ ಪ್ಯಾಕೆಟ್, ಹತ್ತು ರೂಪಾಯಿ ಶಾಂಪೂ, ಬೆಂಕಿಪೊಟ್ಟಣ, ದಿಢೀರ್ ಅಂತ ಬೇಕಾದ ಕೊತ್ತಂಬರಿ, ಇದಕ್ಕೆ ನಾವು. ತಿಂಗಳ ರೇಷನ್ ಬೇರೆ ಕಡೆ. ಅದು ಅವರ ಇಷ್ಟ, ನಾನು ಬೇಡ ಅನ್ನಲ್ಲ. ಆದರೆ ಅಂಗಡಿ ನಡೆಯುವುದು ಆ ರೇಷನ್ ಮೇಲೆ. ಹಾಲಿನ ಪ್ಯಾಕೆಟ್‌ನಲ್ಲಿ ಉಳಿಯುವುದು ಪೈಸೆ ಲೆಕ್ಕ, ಫ್ರಿಜ್ ಕರೆಂಟ್ ಬಿಲ್‌ಗೆ ಸಾಕಾಗಲ್ಲ. ಪ್ಯಾಕೆಟ್ ಸಾಮಾನಿನ ರೇಟು ಕಂಪನಿಯೇ ಹಾಕಿರುತ್ತೆ, ಅದರಲ್ಲಿ ನಮಗೆ ಸಿಗುವುದು ಕಡಿಮೆ. ಉಳಿಯುವುದು ಬಿಡಿ ಸಾಮಾನಿನಲ್ಲಿ. ಬೇಳೆ, ಅಕ್ಕಿ, ಬೆಲ್ಲ, ಮೆಣಸಿನಕಾಯಿ, ಹುಣಸೆ. ಅದನ್ನು ಮೂಟೆಯಲ್ಲಿ ತರುತ್ತೇವೆ. ಅಪ್ಪ ಪ್ರತಿ ಮೂಟೆಗೂ ಕೈ ಹಾಕಿ ನೋಡುತ್ತಾರೆ. ಒಂದು ಹಿಡಿ ತೊಗರಿಬೇಳೆ ಅಂಗೈ ಮೇಲೆ ಹಾಕಿ, ಊದಿ, ಎರಡು ಕಾಳು ಹಲ್ಲಲ್ಲಿ ಕಡಿದು, ಆಮೇಲೆ ರೇಟು ಮಾತಾಡುತ್ತಾರೆ. ಹೊಸ ಬೇಳೆಯೋ ಹಳೇದೋ, ಬೇಗ ಬೇಯುತ್ತೋ ಇಲ್ವೋ ಅಂತ ಗಿರಾಕಿಗೆ ಹೇಳಿಯೇ ಕೊಡುತ್ತಾರೆ. ನೀವು ಈ ಬಿಡಿ ಸಾಮಾನು ನಮ್ಮಲ್ಲಿ ತಗೊಂಡರೆ ಸಾಕು. ಶಾಂಪೂ, ಸೋಪು ಎಲ್ಲಾದರೂ ತಗೊಳ್ಳಿ.

ಇನ್ನೊಂದು ಉದ್ರಿ ವಿಷಯ. ‘ಇಂದು ನಗದು, ನಾಳೆ ಸಾಲ’ ಅಂತ ಬೋರ್ಡ್ ಹಾಕಿದ್ದರೂ ಕೆಳಗಿನ ಡ್ರಾದಲ್ಲಿ ಉದ್ರಿ ಪುಸ್ತಕ ಇದ್ದೇ ಇರುತ್ತೆ. ಕೂಲಿಯವರು ಶನಿವಾರ ಬಟವಾಡೆ ಆದ ಕೂಡಲೇ ಬಂದು ಕೊಡುತ್ತಾರೆ. ಬಡವರ ಬಾಕಿ ನಮಗೆ ಯಾವತ್ತೂ ಮುಳುಗಿಲ್ಲ. ಬಾಕಿ ನಿಲ್ಲುವುದು ಕಾರಲ್ಲಿ ಬಂದು, ಇಳಿಯದೆ, ‘ಬರ್ಕೊಳ್ಳಿ’ ಅನ್ನುವವರದು. ಇದು ಬೇಜಾರಿಂದ ಹೇಳುತ್ತಿರುವುದಲ್ಲ. ನಾವು ಹೋಲ್‌ಸೇಲ್‌ನವರಿಗೆ ಏಳು ದಿನದಲ್ಲಿ ಕಟ್ಟಬೇಕು. ನಿಮ್ಮ ಎಂಟುನೂರು ರೂಪಾಯಿ ಎರಡು ತಿಂಗಳು ನಿಂತರೆ ಆ ವಾರ ಒಂದು ಮೂಟೆ ಕಡಿಮೆ ಬರುತ್ತೆ.


ಗುಬ್ಬಿಗೂಡು

ಒಂದು ಅನುಮಾನ. ಸಣ್ಣ ಅಂಗಡಿಗೆ ಯುಪಿಐ ಮಾಡೋದು ಒಳ್ಳೇದಾ, ಕ್ಯಾಶ್ ಕೊಡೋದು ಒಳ್ಳೇದಾ? ಕಳೆದ ವರ್ಷದ ಗಲಾಟೆ ಆದಮೇಲೆ ನನಗೆ ಕೇಳಲು ಮುಜುಗರ ಆಗುತ್ತೆ.


ಲೆಕ್ಕದ ಮನೆ, ಬೆಂಗಳೂರು

ನಾನು ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಡುವವಳು. ಆ ಗಲಾಟೆ 2025ರ ಜುಲೈ ತಿಂಗಳದು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೇಕರಿ, ಟೀ ಅಂಗಡಿ, ತರಕಾರಿಯವರು ಎಲ್ಲ ಹೆದರಿ ಕ್ಯೂಆರ್ ಕೋಡ್ ಕಿತ್ತು, ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅಂತ ಬರೆದು ಅಂಟಿಸಿದರು. ನನ್ನ ಹತ್ತಿರ ಬಂದ ಒಬ್ಬ ಬೇಕರಿಯವರ ಕೈ ನಡುಗುತ್ತಿತ್ತು, ನೋಟಿಸ್ ಓದಲು ಕನ್ನಡಕ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಕೊನೆಗೆ ಮುಖ್ಯಮಂತ್ರಿ ವ್ಯಾಪಾರಿಗಳ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂದರು.

ನಿಯಮ ಹೀಗಿದೆ. ಸಾಮಾನು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಬೇಕು. ಕ್ಯಾಶ್ ಆದರೂ ಯುಪಿಐ ಆದರೂ ಲೆಕ್ಕಕ್ಕೆ ಒಂದೇ. ತಾಜಾ ತರಕಾರಿ, ಹಣ್ಣು, ಬಿಡಿ ಹಾಲು ಇವಕ್ಕೆ ತೆರಿಗೆಯೇ ಇಲ್ಲ. ವರ್ಷಕ್ಕೆ ಒಂದೂವರೆ ಕೋಟಿವರೆಗೆ ವಹಿವಾಟು ಇರುವ ಅಂಗಡಿಯವರು ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಗೆ ಸೇರಿದರೆ ವಹಿವಾಟಿನ ಶೇ 1 ಕಟ್ಟಿದರೆ ಸಾಕು. ಅವರು ಗಿರಾಕಿಯಿಂದ ಬೇರೆಯಾಗಿ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ.

ಹಾಗಾಗಿ ಗುಬ್ಬಿಗೂಡು ಅವರೇ, ಮುಜುಗರ ಬೇಡ. ‘ನಿಮಗೆ ಯಾವುದು ಅನುಕೂಲ?’ ಅಂತ ಕೇಳಿ, ಅವರು ಹೇಳಿದ ಹಾಗೆ ಕೊಡಿ. 2020ರ ಜನವರಿಯಿಂದ ಯುಪಿಐಗೆ ಅಂಗಡಿಯವರ ಹತ್ತಿರ ಶುಲ್ಕ ಹಿಡಿಯುವುದಿಲ್ಲ, ಅದರ ಭಯ ಬೇಡ. ಆದರೆ ಸಂಜೆ ಹೂವು, ತರಕಾರಿಯವರಿಗೆ ನಾಳೆ ಬೆಳಗ್ಗೆ ಮಂಡಿಯಲ್ಲಿ ಕೊಡಲು ಕ್ಯಾಶ್ ಬೇಕಿರುತ್ತದೆ. ನಾನು ಪರ್ಸಿನಲ್ಲಿ ಹತ್ತು, ಇಪ್ಪತ್ತರ ನೋಟು ಇಟ್ಟುಕೊಂಡಿರುತ್ತೇನೆ. ಬೋಣಿ ಹೊತ್ತಲ್ಲಿ ಐನೂರರ ನೋಟು ಹಿಡಿದು ನಿಂತರೆ ಪಾಪ, ಅವರು ಚಿಲ್ಲರೆಗೆ ಅಕ್ಕಪಕ್ಕ ಓಡಬೇಕು.


ಹೊಸ ಬಡಾವಣೆ, ಬೆಂಗಳೂರು

ನಾನು ಬೇರೆ ಮಾತು ಹೇಳುತ್ತೇನೆ, ದಯವಿಟ್ಟು ತಪ್ಪು ತಿಳಿಯಬೇಡಿ. ನಮ್ಮಮ್ಮ ಗಾಲಿಕುರ್ಚಿಯಲ್ಲಿದ್ದಾರೆ. ನಾನು ಆಫೀಸಿಗೆ ಹೋದರೆ ಮನೆಯಲ್ಲಿ ಅವರೊಬ್ಬರೇ. ಅವರಿಗೆ ಬೇಕಾದ್ದನ್ನು ಅವರೇ ಫೋನಲ್ಲಿ ಒತ್ತಿ ತರಿಸಿಕೊಳ್ಳುತ್ತಾರೆ. ‘ಯಾರನ್ನೂ ಕೇಳಬೇಕಾಗಿಲ್ಲ ಕಣೋ’ ಅಂತ ಮೊದಲ ದಿನ ಎಷ್ಟು ಖುಷಿಪಟ್ಟರು ಗೊತ್ತಾ? ಆ ಆ್ಯಪ್ ನಮಗೆ ಸೋಮಾರಿತನ ಅಲ್ಲ.

ಮತ್ತೆ, ಹತ್ತಿರದ ಒಂದು ಅಂಗಡಿಯಲ್ಲಿ ನನಗೆ ಎರಡು ಸಲ ತೂಕದಲ್ಲಿ ಕಡಿಮೆ ಬಂತು. ಕೇಳಿದ್ದಕ್ಕೆ ರೇಗಿದರು. ಸಣ್ಣ ಅಂಗಡಿ ಅಂದ ಮಾತ್ರಕ್ಕೆ ನಾನು ಅದನ್ನು ಸಹಿಸಿಕೊಳ್ಳಬೇಕಾ?


ಅಂಗಡಿ ಮಗ, ತುಮಕೂರು

ಖಂಡಿತ ಸಹಿಸಬೇಡಿ ಸರ್. ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ನಾವು ವರ್ಷಕ್ಕೊಮ್ಮೆ ಹಾಕಿಸುತ್ತೇವೆ, ಸರ್ಟಿಫಿಕೇಟ್ ಗೋಡೆಗೆ ನೇತುಹಾಕಿದ್ದೇವೆ. ‘ಮುದ್ರೆ ಹಾಕಿಸಿದ್ದೀರಾ?’ ಅಂತ ಕೇಳುವುದು ಗಿರಾಕಿಯ ಹಕ್ಕು. ಒಬ್ಬ ತೂಕ ಹೊಡೆದರೆ ಬೀದಿಯ ಹತ್ತು ಅಂಗಡಿಗೆ ಕೆಟ್ಟ ಹೆಸರು ಬರುತ್ತೆ. ನಿಮ್ಮಂಥವರು ಬಾಯಿಬಿಟ್ಟು ಹೇಳಬೇಕು. ಸುಮ್ನೆ ಬರುವುದು ಬಿಟ್ಟರೆ ನಮಗೆ ತಪ್ಪು ಏನು ಅಂತಲೇ ಗೊತ್ತಾಗಲ್ಲ.

ಅಮ್ಮನ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅವರಿಗೆ ಅನುಕೂಲ ಆದದ್ದೇ ಮಾಡಿ. ಆದರೂ ಒಂದು ಸಲ ಹತ್ತಿರದ ಇನ್ನೊಂದು ಅಂಗಡಿಯ ಫೋನ್ ನಂಬರ್ ಇಸ್ಕೊಂಡು ನೋಡಿ. ನಮ್ಮಲ್ಲಿ ಮೂರು ಮನೆ ಅಜ್ಜಿಯರು ಫೋನ್ ಮಾಡಿಯೇ ತರಿಸಿಕೊಳ್ಳುತ್ತಾರೆ. ಒಬ್ಬರಿಗೆ ಡಬ್ಬದ ಮುಚ್ಚಳ ತೆಗೆಯಲು ಆಗಲ್ಲ. ಹುಡುಗ ಒಳಗೆ ಹೋಗಿ ಡಬ್ಬಕ್ಕೆ ಸುರಿದು, ಮುಚ್ಚಳ ಸಡಿಲ ಮಾಡಿ ಬರುತ್ತಾನೆ.


ಹೊಸ ಬಡಾವಣೆ, ಬೆಂಗಳೂರು

ಮುಚ್ಚಳದ ಮಾತು ಅಮ್ಮನಿಗೆ ಓದಿ ಹೇಳಿದೆ. ‘ನಮ್ಮ ಕಡೆ ಹಂಗೆ ಮಾಡೋರು ಇದಾರಾ ವಿಚಾರಿಸು’ ಅಂದರು.


ಸಾಧನಕೇರಿ, ಧಾರವಾಡ

ನಮ್ಮ ಕಡೆ ವರ್ತನೆ ಅನ್ನುವುದಿಲ್ಲ, ಹಾಲಿಗೆ ‘ವರ್ತಿ’ ಅಂತಾರೆ. ಮಾತು ಬೇರೆ ಆದರೂ ಸಂಗತಿ ಅದೇ.

ನಾನು ಹೇಳುವುದು ರೊಟ್ಟಿಯ ಅವ್ವಂದಿರ ಬಗ್ಗೆ. ಹುಬ್ಬಳ್ಳಿ, ಧಾರವಾಡ, ಕಲಬುರಗಿ, ವಿಜಯಪುರ, ಎಲ್ಲಿ ಹೋದರೂ ಓಣಿಗೊಂದು ಮನೆಯಲ್ಲಿ ರೊಟ್ಟಿ ಬಡಿದು ಮಾರುವವರು ಸಿಗುತ್ತಾರೆ. ನಮ್ಮ ಓಣಿಯ ಅವ್ವ ನಸುಕಿನ ನಾಲ್ಕಕ್ಕೆ ಹೆಂಚು ಇಡುತ್ತಾರೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ, ಕೈ ಸುಟ್ಟರೂ ಬಿಡದೆ ನಾದಿ, ಎರಡೂ ಕೈಯಿಂದ ಬಡಿಯುತ್ತಾ ತಿರುಗಿಸುತ್ತಾರೆ. ಆ ಸಪ್ಪಳ ಕೇಳಿಯೇ ನಮಗೆ ಬೆಳಗಾಗುವುದು. ಹೆಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಾರೆ. ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಬೇಕು. ಒಂದು ಕ್ಷಣ ತಡವಾದರೆ ರೊಟ್ಟಿ ಬಿರಿಯುತ್ತದೆ. ಬಿಸಿ ಇದ್ದಾಗ ಮೆತ್ತಗೆ, ಒಣಗಿಸಿದರೆ ಕಡಕ್ ರೊಟ್ಟಿ, ತಿಂಗಳುಗಟ್ಟಲೆ ಇಡಬಹುದು.

ಜೋಳದ ರೇಟು ಏರಿದ ವರ್ಷ ಅವರು ರೊಟ್ಟಿಗೆ ಒಂದು ರೂಪಾಯಿ ಏರಿಸಿದರು. ಮಂದಿ ಹೆಂಗೆ ಜಗಳಾಡಿದರು ಅಂದರೆ, ನನಗೇ ನಾಚಿಕೆ ಆಯಿತು. ಹೋಟೆಲ್‌ನಲ್ಲಿ ಬಿಲ್ ನೋಡದೆ ಕೊಡುವ ಮಂದಿಯೇ ಅವರು. ಅದಕ್ಕಿಂತ ದೊಡ್ಡ ಪೆಟ್ಟು ಒಮ್ಮೆ ಬಿತ್ತು. ಯಾರೋ ಲಗ್ನಕ್ಕೆ ಐನೂರು ರೊಟ್ಟಿ ಹೇಳಿ, ಹಿಂದಿನ ದಿನ ರಾತ್ರಿ ‘ಕ್ಯಾಟರಿಂಗ್‌ನವರೇ ತರ್ತಾರಂತ, ಬ್ಯಾಡ್ರಿ’ ಅಂದುಬಿಟ್ಟರು. ಮುಂಗಡ ಕೊಟ್ಟಿರಲಿಲ್ಲ. ಆ ಅವ್ವ ಅಳಲಿಲ್ಲ. ರೊಟ್ಟಿ ಎಣಿಸಿ ಎಣಿಸಿ ಬುಟ್ಟಿಗೆ ಹಾಕುತ್ತಾ ಕೂತಿದ್ದರು. ಓಣಿಯವರೆಲ್ಲ ಇಪ್ಪತ್ತು, ಮೂವತ್ತು ತಗೊಂಡೆವು. ಉಳಿದದ್ದು ಒಣಗಿಸಿದರು.

ಅವತ್ತಿನಿಂದ ನನ್ನದೊಂದು ಪದ್ಧತಿ. ಮನೆಯಲ್ಲಿ ಮಾಡಿ ಮಾರುವವರಿಗೆ ಆರ್ಡರ್ ಕೊಟ್ಟರೆ ಅರ್ಧ ದುಡ್ಡು ಮೊದಲೇ ಕೊಡುತ್ತೇನೆ. ಅವರು ಕೇಳಲಿ, ಬಿಡಲಿ. ನಮ್ಮ ಆಫೀಸಿನಲ್ಲೂ ಇದನ್ನೇ ಹೇಳಿ ಹೇಳಿ ರೂಢಿ ಮಾಡಿಸಿದ್ದೇನೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕೂಡ ಅವರ ಹತ್ತಿರವೇ ತಗೊಳ್ಳುತ್ತೇವೆ. ಊರಿಂದ ಹೊರಗಿರುವ ಧಾರವಾಡದವರೇ, ನೀವು ರಜೆಗೆ ಬಂದಾಗ ಪೇಡೆ ಒಯ್ಯುತ್ತೀರಲ್ಲ, ಜೊತೆಗೆ ಐವತ್ತು ಕಡಕ್ ರೊಟ್ಟಿಯನ್ನೂ ಒಯ್ಯಿರಿ.


ಹಳೇ ರಸ್ತೆ, ಮಂಡ್ಯ

ಬೆಂಗಳೂರು, ಮೈಸೂರು ನಡುವೆ ಓಡಾಡುವವರಿಗೆ ಒಂದು ಕೋರಿಕೆ. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್. ಮೂರು ಗಂಟೆ ದಾರಿ ಒಂದೂವರೆ ಗಂಟೆಗೆ ಬಂತು. ಆಸ್ಪತ್ರೆಗೆ ಹೋಗುವವರಿಗೆ, ದಿನಾ ಓಡಾಡುವವರಿಗೆ ಅದು ದೊಡ್ಡ ಉಪಕಾರ.

ಆದರೆ ಆ ಊರುಗಳ ರಸ್ತೆ ಬದಿಯ ವ್ಯಾಪಾರ ನಿಂತಿದ್ದೇ ಹೋಗಿ ಬರುವ ಕಾರು, ಬಸ್ಸುಗಳ ಮೇಲೆ. ತಟ್ಟೆ ಇಡ್ಲಿ, ಮದ್ದೂರು ವಡೆ, ಎಳನೀರು, ಚನ್ನಪಟ್ಟಣದ ಗೊಂಬೆ. ಬೈಪಾಸ್ ಆದಮೇಲೆ ಎಷ್ಟೋ ಗೊಂಬೆ ಅಂಗಡಿಗಳಿಗೆ ಬಾಗಿಲು ಬಿತ್ತು. ನಾನು ಹೋಗುವ ಅಂಗಡಿಯವರು ಮಧ್ಯಾಹ್ನದವರೆಗೆ ಬೋಣಿ ಆಗದ ದಿನಗಳನ್ನು ಹೇಳಿದರು. ಅದೂ ಭಾನುವಾರ.

ನಾವು ಮನೆಯಲ್ಲಿ ಒಂದು ಮಾತು ಮಾಡಿಕೊಂಡಿದ್ದೇವೆ. ಹೋಗುವಾಗ ಹೊಸ ರಸ್ತೆ, ಬರುವಾಗ ಹಳೇ ರಸ್ತೆ. ಟೋಲ್ ಉಳಿದ ದುಡ್ಡಲ್ಲಿ ವಡೆ ತಿನ್ನುತ್ತೇವೆ. ಹುಟ್ಟುಹಬ್ಬಕ್ಕೆ ಮಕ್ಕಳಿಗೆ ಕೊಡುವ ಉಡುಗೊರೆ ಎಲ್ಲ ಚನ್ನಪಟ್ಟಣದಿಂದಲೇ.

ಕೊಳ್ಳುವಾಗ ಸ್ವಲ್ಪ ನೋಡಿ ಕೊಳ್ಳಿ. ಚನ್ನಪಟ್ಟಣದ ಗೊಂಬೆಗೆ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು ಇದೆ, ಆದರೂ ಅದೇ ರಸ್ತೆಯಲ್ಲಿ ಹೊರಗಿನ ಪ್ಲಾಸ್ಟಿಕ್ ಸಾಮಾನೂ ಮಾರುತ್ತಾರೆ. ಅಸಲಿ ಗೊಂಬೆ ಆಲೆ ಮರದ್ದು. ಕೈಗೆ ಹಗುರ. ಮರ ಗಿರಗಿರ ತಿರುಗುತ್ತಿರುವಾಗಲೇ ಅರಗಿನ ಬಣ್ಣದ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣ ಎಲೆಯ ಗರಿ ಒತ್ತಿ ಹಿಡಿದರೆ ಹೊಳಪು ಬರುತ್ತದೆ. ಒಮ್ಮೆ ನನ್ನ ಮಗನನ್ನು ಕೆಲಸದ ಮನೆಯೊಳಗೆ ಕರೆದು ತೋರಿಸಿದರು. ಆಗಷ್ಟೇ ಇಳಿಸಿದ ಬುಗುರಿ ಇನ್ನೂ ಬೆಚ್ಚಗಿತ್ತು. ಅವನು ಅದನ್ನು ಮಂಡ್ಯ ಬರುವವರೆಗೂ ಮುಷ್ಟಿಯಲ್ಲೇ ಹಿಡಿದಿದ್ದ.


ಕತ್ರಿ ದಾರ, ಹಾಸನ

ನಮ್ಮಮ್ಮ ಟೈಲರ್. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಕುಚ್ಚು ಹಾಕುತ್ತಾರೆ. ಅವರ ಪುಸ್ತಕದಲ್ಲಿ ಪ್ರತಿ ಗಿರಾಕಿಯ ಅಳತೆ ಪಕ್ಕ ಆ ಬ್ಲೌಸಿನ ಬಟ್ಟೆಯ ಒಂದು ಚೂರು ಪಿನ್ ಮಾಡಿರುತ್ತಾರೆ. ಮಾವಿನ ಎಲೆ ಹಸಿರು, ಅರಿಶಿನ, ರಾಮಾ ಗ್ರೀನ್. ಚಿಕ್ಕವಳಿದ್ದಾಗ ಆ ಪುಸ್ತಕ ತಿರುವಿ ಹಾಕುವುದೇ ನನ್ನ ಆಟ.

ಅದೇ ಪುಸ್ತಕದಲ್ಲಿ ಬಾಕಿಯೂ ಇರುತ್ತಿತ್ತು. ಗೌರಿ ಹಬ್ಬದ ಹಿಂದಿನ ರಾತ್ರಿ ಒಂದು ಗಂಟೆವರೆಗೆ ಕೂತು ಹೊಲಿದುಕೊಟ್ಟದ್ದಕ್ಕೆ ‘ಹಬ್ಬ ಮುಗಿಲಿ, ಕೊಡ್ತೀನಿ’ ಅನ್ನುತ್ತಿದ್ದರು. ಐದು ಸಾವಿರದ ಸೀರೆ ಉಟ್ಟವರು. ಕೇಳಲು ನನ್ನನ್ನು ಕಳಿಸುತ್ತಿದ್ದರು, ಅಮ್ಮನಿಗೆ ನಾಚಿಕೆ. ನಾನು ಗೇಟಿನ ಹೊರಗೆ ನಿಂತು ‘ಆಂಟಿ’ ಅಂತ ಕೂಗುತ್ತಿದ್ದೆ. ಒಳಗೆ ಟಿವಿ ಸದ್ದು ಕಡಿಮೆ ಆಗುತ್ತಿತ್ತು, ಯಾರೂ ಬರುತ್ತಿರಲಿಲ್ಲ.

ಅದಕ್ಕೆ ನನ್ನದು ಒಂದೇ ಮಾತು. ಬಟ್ಟೆ ಕೈಗೆ ಬಂದ ಹೊತ್ತಿಗೇ ದುಡ್ಡು ಕೊಡಿ. ಮತ್ತೆ, ಚೆನ್ನಾಗಿ ಕೂತಿದ್ದರೆ ಹಾಗಂತ ಹೇಳಿ. ಒಬ್ಬರು ಮದುವೆ ಫೋಟೋ ಕಳಿಸಿ ‘ಎಲ್ಲರೂ ಬ್ಲೌಸ್ ಯಾರು ಹೊಲಿದದ್ದು ಅಂತ ಕೇಳಿದ್ರು ಅಕ್ಕ’ ಅಂದರು. ಅಮ್ಮ ಆ ಫೋಟೋ ಪ್ರಿಂಟ್ ಹಾಕಿಸಿ ಮೆಷಿನ್ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದಾರೆ.


ಲೆಕ್ಕದ ಮನೆ, ಬೆಂಗಳೂರು

ಕತ್ರಿ ದಾರ, ನಿಮ್ಮ ಗೇಟಿನ ಮಾತು ಓದಿ ಕಣ್ಣು ತುಂಬಿತು. ಕಂಪನಿಗಳೂ ಹೀಗೇ ಮಾಡುತ್ತವೆ. ಊಟದ ಡಬ್ಬಿ, ಬ್ಯಾಗು, ಸಮವಸ್ತ್ರ ಮಾಡಿಕೊಟ್ಟ ಸಣ್ಣವರಿಗೆ ಮೂರು ನಾಲ್ಕು ತಿಂಗಳು ದುಡ್ಡು ಕೊಡುವುದಿಲ್ಲ. ಇಲ್ಲಿ ಆಫೀಸಿನಲ್ಲಿ ಖರೀದಿ ನೋಡಿಕೊಳ್ಳುವವರು ಇದ್ದರೆ ಗಮನಿಸಿ. 2006ರ ಸಣ್ಣ ಉದ್ದಿಮೆಗಳ ಎಂಎಸ್ಎಂಇ ಕಾಯ್ದೆ ಪ್ರಕಾರ ಬರಹದ ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬಡ್ಡಿ ಕೇಳಬಹುದು. ಇದು ಸಿಗಬೇಕಾದರೆ ತಯಾರಿಸುವವರು, ಸೇವೆ ಕೊಡುವವರು ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿರಬೇಕು. ಅದಕ್ಕೆ ಶುಲ್ಕ ಇಲ್ಲ. ನಿಮ್ಮ ಅಮ್ಮನಿಗೂ ಮಾಡಿಸಿ.


ಕಡಲ ತಡಿ, ಉಡುಪಿ

ನಮ್ಮಲ್ಲಿ ಮಲ್ಲಿಗೆ ಹೂವು ಮೊಳದ ಲೆಕ್ಕ ಅಲ್ಲ, ಚೆಂಡು, ಅಟ್ಟೆ ಲೆಕ್ಕ. 800 ಮೊಗ್ಗು ಒಂದು ಚೆಂಡು, ನಾಲ್ಕು ಚೆಂಡು ಒಂದು ಅಟ್ಟೆ. ದಿನಾ ಶಂಕರಪುರದ ಕಟ್ಟೆಯಲ್ಲಿ ರೇಟು ಆಗುತ್ತದೆ. ಮೈಸೂರು, ಹಡಗಲಿ ಮಲ್ಲಿಗೆಗಳ ಹಾಗೆ ನಮ್ಮದಕ್ಕೂ ಜಿಐ ಇದೆ. ಅಂಗಳದಲ್ಲಿ ನಾಲ್ಕು ಗಿಡ ಹಾಕಿ, ಮೊಗ್ಗು ಕೊಯ್ದು, ಕಟ್ಟಿ ಕಳಿಸಿ ಮಕ್ಕಳನ್ನು ಓದಿಸಿದ ಮನೆ ಇಲ್ಲಿ ತುಂಬ ಇವೆ ಮಾರಾಯ್ರೆ. ನನ್ನದೂ ಅಂಥದ್ದೇ ಮನೆ. ಸಂಪಿಗೆ ಮರ ಅವರೇ, ನಿಮ್ಮ ಹೂವಮ್ಮನಿಗೆ ಹೆಚ್ಚು ಮನೆ ಹುಡುಕುವುದೇ ದಾರಿ. ಪಕ್ಕದ ಮನೆಯ ಗಂಟೆ ಒತ್ತಿ ನೋಡಿ.


ನಸುಕಿನ ಮಂಡಿ, ಬೆಂಗಳೂರು

ಬೀದಿ ವ್ಯಾಪಾರಿಗಳ ಜೊತೆ ಕೆಲಸ ಮಾಡುತ್ತೇನೆ. ಸಂಪಿಗೆ ಮರ, ಹೂವಮ್ಮ ಬಂಡವಾಳಕ್ಕೆ ಏನು ಮಾಡುತ್ತಾರೆ ಅಂತ ಒಮ್ಮೆ ಕೇಳಿ. ಮಾರ್ಕೆಟ್‌ಗಳಲ್ಲಿ ಮೀಟರ್ ಬಡ್ಡಿ ಈಗಲೂ ಇದೆ. ಬೆಳಗ್ಗೆ 900 ರೂಪಾಯಿ ಕೈಗೆ ಕೊಟ್ಟು ಸಂಜೆ 1,000 ವಾಪಸ್ ಪಡೆಯುತ್ತಾರೆ. ದಿನದ ದುಡಿಮೆ ಅಲ್ಲೇ ಕರಗಿಹೋಗುತ್ತದೆ.

2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಸಾಲ ಇದಕ್ಕೇ ಇರುವುದು. ಅಡಮಾನ ಬೇಡ. ಮೊದಲು 10,000 ಇತ್ತು, 2025ರಲ್ಲಿ ಅದನ್ನು 15,000 ಮಾಡಿದರು. ಸರಿಯಾಗಿ ಕಟ್ಟಿದರೆ 25,000, ಆಮೇಲೆ 50,000. ಸಮಯಕ್ಕೆ ಕಟ್ಟಿದವರಿಗೆ ಶೇ 7 ಬಡ್ಡಿ ಸಹಾಯಧನವೂ ಇದೆ. ಬೀದಿ ವ್ಯಾಪಾರಿ ಅಂತ ಪಾಲಿಕೆ ಕೊಡುವ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ ಬೇಕು. ತಲೆ ಮೇಲೆ ಹೊತ್ತು ಮನೆಮನೆಗೆ ಹೋಗಿ ಮಾರುವವರೂ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಬೀದಿ ವ್ಯಾಪಾರಿಗಳೇ. ಅರ್ಜಿ ತುಂಬಲು ಓದು ಬರಹ ಬಲ್ಲವರು ಒಬ್ಬರು ಜೊತೆಗಿದ್ದರೆ ಅರ್ಧ ದಿನದ ಕೆಲಸ. ಆ ಅರ್ಧ ದಿನ ನೀವು ಕೊಡಬಹುದಾ?


ಸಂಪಿಗೆ ಮರ, ಮೈಸೂರು

ಎಲ್ಲರಿಗೂ ಉತ್ತರ ಕೊಡಲು ಒಂಬತ್ತು ದಿನ ಆಯಿತು, ಕ್ಷಮಿಸಿ. ಅಷ್ಟು ಓಡಾಟ.

ಕಡಲ ತಡಿ ಹೇಳಿದ ಹಾಗೆ ಗಂಟೆ ಒತ್ತಿದೆ. ಮಗಳೂ ಜೊತೆಗೆ ಬಂದಳು. ಮೂರು ಬೀದಿಯಲ್ಲಿ ಕೆಲವರು ಬೇಡ ಅಂದರು, ಒಬ್ಬರು ಬಾಗಿಲೇ ತೆಗೆಯಲಿಲ್ಲ. ಪಿಜಿ ನಡೆಸುವ ಒಬ್ಬರು, ‘ಹುಡುಗಿಯರು ಇಪ್ಪತ್ತು ಜನ ಇದ್ದಾರೆ, ಶುಕ್ರವಾರ ಮಾತ್ರ ಹತ್ತು ಮೊಳ ಕೊಡಲಿ’ ಅಂದರು. ನನಗೆ ಅದು ಹೊಳೆದೇ ಇರಲಿಲ್ಲ. ಕ್ಲಿನಿಕ್‌ನ ಡಾಕ್ಟರಮ್ಮ ದೇವರ ಫೋಟೋಗೆ ದಿನಾ ಒಂದು ಮೊಳ ಹೇಳಿದರು. ಹಿಂದೆ ನಿಲ್ಲಿಸಿದ್ದ ಮನೆಗಳಲ್ಲಿ ಆರು ಮನೆ ಮತ್ತೆ ಒಪ್ಪಿಕೊಂಡವು. ಅದರಲ್ಲಿ ಒಬ್ಬರು, ‘ನಿಲ್ಲಿಸಿದ ಮೇಲೆ ಮತ್ತೆ ಕರೆಯೋಕೆ ನಾಚಿಕೆ ಆಗಿತ್ತು’ ಅಂದರು. ನನಗೂ ಹಾಗೇ ಆಗಿತ್ತು, ಹೇಳಿದೆ.

ಈಗ ಹದಿನೇಳು ಮನೆ, ಕ್ಲಿನಿಕ್, ಶುಕ್ರವಾರದ ಪಿಜಿ. ದುಡ್ಡು ತಿಂಗಳ ಕೊನೆಗೆ ಬೇಡ, ಒಂದನೇ ತಾರೀಕೇ ಮುಂಗಡ ಅಂತ ಎಲ್ಲರನ್ನೂ ಒಪ್ಪಿಸಿದೆ. ಧಾರವಾಡದ ಅವ್ವನ ಕಥೆ ಓದಿದ ಮೇಲೆ ಅದು ತಲೆಯಲ್ಲೇ ಕೂತಿತ್ತು.

ನಸುಕಿನ ಮಂಡಿ ಅವರೇ, ನೀವು ಕೇಳಿ ಅಂದದ್ದನ್ನು ಕೇಳಿದೆ. ಹೂವಮ್ಮ ಮೊದಲು ಮಾತೇ ಆಡಲಿಲ್ಲ. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೋರಿಸಿದರು. ಮೀಟರ್ ಬಡ್ಡಿ ಸಾಲಕ್ಕೆ ದಿನಾ ಕಟ್ಟಿದ್ದಕ್ಕೆ ಗೀಟು ಹಾಕಿದ್ದ ಚೀಟಿ. ಇಪ್ಪತ್ತೆರಡು ವರ್ಷದಿಂದ ದಿನಾ ನೋಡುತ್ತಿದ್ದೇನೆ, ಇದು ನನಗೆ ಗೊತ್ತಿರಲಿಲ್ಲ. ಸೋಮವಾರ ರಜೆ ಹಾಕಿದ್ದೇನೆ. ಆಧಾರ್, ಬ್ಯಾಂಕ್ ಪುಸ್ತಕ ತರಲು ಹೇಳಿದ್ದೇನೆ. ಇಬ್ಬರೂ ಪಾಲಿಕೆ ಕಚೇರಿಗೆ ಹೋಗುತ್ತೇವೆ. ಇನ್ನೇನು ಬೇಕಾಗುತ್ತೆ ಹೇಳಿ.


ನಸುಕಿನ ಮಂಡಿ, ಬೆಂಗಳೂರು

ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಈಗ ಚಾಲ್ತಿಯಲ್ಲಿದೆಯಾ ನೋಡಿ, ಒಟಿಪಿ ಬರಬೇಕು. ಜಾಸ್ತಿ ಜನ ಅಲ್ಲೇ ಸಿಕ್ಕಿಹಾಕಿಕೊಳ್ಳುವುದು. ಒಂದೆರಡು ಫೋಟೋ ಇರಲಿ. ಬುಟ್ಟಿ ಸಮೇತ ಬೀದಿಯಲ್ಲಿ ಮಾರುತ್ತಿರುವ ಫೋಟೋ ಇದ್ದರೆ ಅದನ್ನೂ ಇಟ್ಟುಕೊಳ್ಳಿ, ಕೇಳಿದರೆ ತೋರಿಸಬಹುದು.


ಸಂಪಿಗೆ ಮರ, ಮೈಸೂರು

ಮೊಬೈಲ್ ಮಗನ ಹೆಸರಲ್ಲಿದೆಯಂತೆ. ಸರಿ, ಅವನನ್ನೂ ಕರೆದುಕೊಂಡು ಹೋಗುತ್ತೇವೆ. ಫೋಟೋ ಇವತ್ತು ಬೆಳಗ್ಗೆ ಮಗಳೇ ತೆಗೆದಳು. ಹೂವಮ್ಮ ‘ತಡಿಯವ್ವ’ ಅಂತ ಹೇಳಿ ಬುಟ್ಟಿಯಿಂದ ಒಂದು ತುಂಡು ಮಲ್ಲಿಗೆ ಹರಿದು, ತಾವೇ ಮುಡಿದುಕೊಂಡು ನಿಂತರು.